ಚಿಗಟದವರ ಮೊಮ್ಮಗಳು

ಗ್ರೀಸಿನ ಭೂಪಟದಲ್ಲಿ ಕಿಥಿರಾ ಸಿಗಬೇಕಾದರೆ ಬೆರಳನ್ನು ಪೆಲೊಪೊನೀಸಿನ ತೀರಾ ತಳಕ್ಕೆ ಇಳಿಸಬೇಕು. ಒಂದು ಮಗ್ಗುಲಿಗೆ ಏಜಿಯನ್ ಸಮುದ್ರ, ಇನ್ನೊಂದು ಮಗ್ಗುಲಿಗೆ ಅಯೋನಿಯನ್. ನಡುವೆ ಸುಮಾರು 280 ಚದರ ಕಿಲೋಮೀಟರಿನ ಕಲ್ಲುನೆಲ. ಕಡಲ ನೊರೆಯಿಂದ ಹುಟ್ಟಿದ ಅಫ್ರೊಡೈಟಿ ಮೊದಲು ತೇಲಿಬಂದದ್ದು ಈ ದ್ವೀಪದ ಹತ್ತಿರಕ್ಕೆ ಎನ್ನುತ್ತಾನೆ ಪ್ರಾಚೀನ ಕವಿ ಹೆಸಿಯಡ್. ಆದರೆ ಆಕೆ ಇಲ್ಲಿ ಇಳಿಯಲಿಲ್ಲ, ಸೈಪ್ರಸ್ಸಿನವರೆಗೂ ಹೋಗಿ ಅಲ್ಲಿ ದಡ ಹತ್ತಿದಳು. ದೇವತೆಯೇ ನಿಲ್ಲದೆ ಹೋದ ಮೇಲೆ ಮನುಷ್ಯರ ಮಾತೇನು! 19ನೆಯ ಶತಮಾನದ ಮಧ್ಯದಲ್ಲಿ 10,000ಕ್ಕೂ ಮಿಕ್ಕಿ ಜನರಿದ್ದ ಕಿಥಿರಾದಲ್ಲಿ 2011ರ ಜನಗಣತಿಯ ಹೊತ್ತಿಗೆ ಉಳಿದಿದ್ದವರು ಸುಮಾರು 4,000. ಮೊದಲು ಸ್ಮಿರ್ನಾ ಮತ್ತು ಅಲೆಕ್ಸಾಂಡ್ರಿಯಾ, ಆಮೇಲೆ ಅಮೆರಿಕ, ಕೊನೆಗೆ ಆಸ್ಟ್ರೇಲಿಯ ಎಂದು ಜನ ಹೊರಡುತ್ತಲೇ ಇದ್ದರು. ಇವತ್ತು ದ್ವೀಪದಲ್ಲಿರುವವರ ಹಲವು ಪಟ್ಟು ಕಿಥಿರಾ ಮೂಲದವರು ಆಸ್ಟ್ರೇಲಿಯದಲ್ಲಿದ್ದಾರೆ.

ಅಂಥವರಲ್ಲೊಬ್ಬಳು, ನ್ಯೂ ಸೌತ್ ವೇಲ್ಸಿನ ಉತ್ತರ ಭಾಗದ ಸಣ್ಣ ಊರೊಂದರ ನಿವೃತ್ತ ಶಾಲಾ ಶಿಕ್ಷಕಿ, ಒಂದು ಸೆಪ್ಟೆಂಬರಿನಲ್ಲಿ ಅಜ್ಜನ ಊರು ನೋಡಲೆಂದು ಹೊರಟಳು. ಹೋಗಿ ಬಂದದ್ದಾಯಿತು, ತಂದ ಜೇನನ್ನು ನೆಂಟರಿಷ್ಟರಿಗೆ ಹಂಚಿದ್ದೂ ಆಯಿತು. ಆದರೂ ಆ ಪ್ರವಾಸ ಆಕೆಯ ತಲೆಯಿಂದ ಇಳಿದಿಲ್ಲ. ಅಜ್ಜ ಎಲ್ಲಿಂದ ಹೊರಟ ಎಂದು ತಿಳಿಯಲು ಹೋದವಳನ್ನು ಅಲ್ಲಿಯವರು ಒಂದೇ ಸಮನೆ ಕೇಳಿದ್ದು, ಹೊರಟವರೆಲ್ಲ ಎಲ್ಲಿ ಮುಟ್ಟಿದರು ಎಂದು. ಅದಕ್ಕೆ ಉತ್ತರ ಸಿದ್ಧಮಾಡಿಕೊಂಡು ಆಕೆ ಹೋಗಿರಲಿಲ್ಲ.

ಆಸ್ಟ್ರೇಲಿಯಕ್ಕೆ ದಾರಿ ಹಾಕಿದವನೆಂದು ಕಿಥಿರಾದವರು ನೆನೆಯುವುದು ಅಥನಾಸಿಯೊಸ್ ಕೊಮಿನೊಸ್‌ನನ್ನು. ಆತ ಸಿಡ್ನಿ ಮುಟ್ಟಿದ್ದು 1873ರಲ್ಲಿ. ಕೆಲವು ವರ್ಷಗಳಲ್ಲೇ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಮೀನು ಕರಿದು ಮಾರುವ ಅಂಗಡಿ ಇಟ್ಟ. ಅಂಗಡಿ ಕೈಹಿಡಿಯಿತು. ತಮ್ಮಂದಿರು ಬಂದರು, ದಾಯಾದಿಗಳು ಬಂದರು, ಪಕ್ಕದ ಊರಿನ ಹುಡುಗರು ಬಂದರು. ಮೊದಲು ಬಂದವನು ಮುಂದಿನವನ ಟಿಕೆಟ್ಟಿಗೆ ದುಡ್ಡು ಕಳಿಸುವುದು, ಬಂದ ಹುಡುಗ ಆ ಸಾಲ ತೀರುವವರೆಗೆ ಹಿಂದಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದು, ಆಮೇಲೆ ಇನ್ನೊಂದು ಊರಿನಲ್ಲಿ ತನ್ನದೇ ಅಂಗಡಿ ಹಾಕುವುದು. ಉಡುಪಿ ಹೋಟೆಲುಗಳು ಮುಂಬೈ, ಮದ್ರಾಸು ಸೇರಿದ ಕಥೆ ಬಲ್ಲ ಕನ್ನಡಿಗರಿಗೆ ಇದೇನೂ ಹೊಸದಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಉಡುಪಿಯವರು ತಮ್ಮ ಮನೆಯ ರುಚಿಯನ್ನೇ ಮಾರಿದರು. ಕಿಥಿರಾದವರು ತಮ್ಮದನ್ನು ಬಚ್ಚಿಟ್ಟರು.

ಆಸ್ಟ್ರೇಲಿಯದ ಒಳನಾಡಿನ ಗ್ರೀಕ್ ಕೆಫೆಯಲ್ಲಿ ಗ್ರೀಕ್ ತಿಂಡಿಯೊಂದನ್ನು ಬಿಟ್ಟು ಎಲ್ಲವೂ ಸಿಗುತ್ತಿತ್ತು. ಮಾಂಸದ ಸ್ಟೇಕ್, ಮೇಲೆ ಎರಡು ಮೊಟ್ಟೆ, ಹುರಿದ ಆಲೂಗಡ್ಡೆ, ಟೀ. ಮಕ್ಕಳಿಗೆ ಮಿಲ್ಕ್‌ಶೇಕ್, ಸೋಡಾ, ಐಸ್‌ಕ್ರೀಮು. ಅಂಗಡಿಯ ಹೆಸರೂ ಅಷ್ಟೆ, ಗುಂಡಗಾಯಿಯಲ್ಲಿ ನಯಾಗರಾ, ಕಟೂಂಬಾದಲ್ಲಿ ಪ್ಯಾರಗಾನ್, ಬಿಂಗಾರಾದಲ್ಲಿ ರಾಕ್ಸಿ. ಈ ರಾಕ್ಸಿಯದು ಸ್ವಾರಸ್ಯದ ಕಥೆ. ಮೂವರು ಕಿಥಿರಾ ಪಾಲುದಾರರು ಕೂಡಿ, ಸಾವಿರ ಚಿಲ್ಲರೆ ಜನರ ಊರಿನಲ್ಲಿ ಸಿನಿಮಾ ಮಂದಿರವನ್ನೂ ಕೆಫೆಯನ್ನೂ ಸೇರಿಸಿ 1936ರಲ್ಲಿ ಕಟ್ಟಿಸಿದರು. ಕೈ ಸುಟ್ಟುಕೊಂಡರು. ಈಗ ಅದೇ ಕಟ್ಟಡವನ್ನು ದುರಸ್ತಿ ಮಾಡಿ, ಗ್ರೀಕ್ ಕೆಫೆಗಳ ವಸ್ತುಸಂಗ್ರಹಾಲಯವನ್ನೂ ಅಲ್ಲಿಟ್ಟಿದ್ದಾರೆ.

ಬಚ್ಚಿಡುವುದಕ್ಕೂ ಕಾರಣವಿತ್ತು. ಮೊದಲ ಮಹಾಯುದ್ಧದಲ್ಲಿ ಗ್ರೀಸ್ ಯಾರ ಕಡೆಗೆ ಎಂಬುದು ಇನ್ನೂ ತೀರ್ಮಾನವಾಗದಿದ್ದ 1916ರಲ್ಲಿ ಆಸ್ಟ್ರೇಲಿಯ ಸರ್ಕಾರ ತನ್ನ ನೆಲದಲ್ಲಿದ್ದ ಗ್ರೀಕರ ಗುಟ್ಟಿನ ಗಣತಿ ಮಾಡಿಸಿತು. ಅದೇ ವರ್ಷ ಪಶ್ಚಿಮದ ಕಾಲ್ಗೂರ್ಲಿಯಲ್ಲಿ ಗುಂಪುಗಳು ಗ್ರೀಕರ ಅಂಗಡಿಗಳಿಗೆ ನುಗ್ಗಿದವು. ಗಾಜು ಒಡೆಸಿಕೊಂಡವನು ಗಿರಾಕಿಯ ಮುಂದೆ ಆಲಿವ್ ಇಡುತ್ತಾನೆಯೇ? ಈ ಮೊಮ್ಮಗಳಿಗೂ ನೆನಪಿರುವುದು ಅದೇ. ರಾತ್ರಿ ಹನ್ನೊಂದಕ್ಕೆ ಕೆಫೆಯ ಬಾಗಿಲು ಹಾಕಿ, ಎಲ್ಲ ಲೆಕ್ಕ ಮುಗಿಸಿ, ಅಜ್ಜ ಹಿಂಬದಿಯ ಮೇಜಿನ ಮೇಲೆ ಚೆನ್ನಂಗಿ ಬೇಳೆಯ ಗಟ್ಟಿ ಸಾರಿಗೆ ಎಣ್ಣೆ ಸುರಿದುಕೊಂಡು ಒಬ್ಬನೇ ಉಣ್ಣುತ್ತಿದ್ದ. ಊರು ಹೇಗಿತ್ತು ಅಜ್ಜಾ ಎಂದರೆ ಒಂದೇ ಉತ್ತರ: "ಬರೀ ಕಲ್ಲು."

ಪೆಲೊಪೊನೀಸಿನ ದಕ್ಷಿಣದ ನಿಯಾಪೊಲಿಯಿಂದ ಹೊರಡುವ ಹಡಗು ಒಂದು ತಾಸು ಚಿಲ್ಲರೆಯಲ್ಲಿ ಕಿಥಿರಾದ ದಿಯಾಕೊಫ್ತಿಗೆ ಮುಟ್ಟಿಸುತ್ತದೆ. ಎಡಕ್ಕೆ ಮಲೆಯಾ ಭೂಶಿರ. ಹಾಯಿ ಹಡಗಿನ ಕಾಲದಲ್ಲಿ ನಾವಿಕರು ಹೆದರಿ ನಡೆಯುತ್ತಿದ್ದ ಜಾಗ. ಇವತ್ತಿಗೂ ಅದು ತಮಾಷೆಯದಲ್ಲ ಎಂಬುದಕ್ಕೆ ಸಾಕ್ಷಿ ಬಂದರಿನ ಎದುರೇ ಇದೆ. 2000ದಲ್ಲಿ ಬಂಡೆಗೆ ಬಡಿದ ನಾರ್ಡ್‌ಲ್ಯಾಂಡ್ ಎಂಬ ಸರಕು ಹಡಗು ಅರ್ಧ ಮುಳುಗಿ, ತುಕ್ಕು ಹಿಡಿದು, ಹಾಗೇ ನಿಂತಿದೆ. ತೆಗೆಸುವ ಖರ್ಚು ಯಾರೂ ಹಾಕಲಿಲ್ಲವೆಂದು ಕಾಣುತ್ತದೆ. ಈಗ ಪ್ರವಾಸಿಗಳು ಅದರ ಫೋಟೊ ತೆಗೆಯುತ್ತಾರೆ.

ಭಾನುವಾರ ಬೆಳಿಗ್ಗೆ ಪೊಟಾಮೊಸ್‌ನಲ್ಲಿ ಸಂತೆ. ದ್ವೀಪದ ಉತ್ತರ ಭಾಗಕ್ಕೆಲ್ಲ ಇದೇ ದೊಡ್ಡ ಊರು. ಚೌಕದ ಸುತ್ತ ಕಾಫಿ ಅಂಗಡಿಗಳು, ನಡುವೆ ಮೇಜು ಹಾಕಿಕೊಂಡ ಮಾರಾಟಗಾರರು. ಥೈಮ್ ಗಿಡದ ಹೂವಿನ ಜೇನು, ಹಳೆಯ ನೀರಿನ ಬಾಟಲಿಗಳಲ್ಲಿ ಆಲಿವ್ ಎಣ್ಣೆ, ಕಡಲ ಬಂಡೆಗಳ ಗುಳಿಯಿಂದ ಬಳಿದು ತಂದ ಉಪ್ಪು, ಎಣ್ಣೆ ಹಾಕಿ ಎರಡು ಸಲ ಸುಟ್ಟ ಗಟ್ಟಿ ರಸ್ಕು. ಹಳದಿ ಹೂವಿನ ಸಣ್ಣ ಸಣ್ಣ ಕಟ್ಟುಗಳೂ ಇದ್ದವು. ಸೆಂಪ್ರೆವಿವಾ ಎಂದು ಅದರ ಹೆಸರು; ಬಂಡೆಯ ಸಂದಿನಲ್ಲಿ ಬೆಳೆಯುತ್ತದೆ, ಬೇಸಿಗೆಯಲ್ಲಿ ಕಿತ್ತು ಒಣಗಿಸಿಟ್ಟರೆ ವರ್ಷಗಟ್ಟಲೆ ಬಣ್ಣ ಬಿಡುವುದಿಲ್ಲ. ಆಸ್ಟ್ರೇಲಿಯದ ಮನೆಯಲ್ಲಿ, ದೇವರ ಪಟದ ಹಿಂದೆ, ಧೂಳು ಹಿಡಿದಿದ್ದ ಹೂವು ಯಾವುದೆಂದು ಆಕೆಗೆ ಗೊತ್ತಾದದ್ದು ಈ ಮೇಜಿನ ಮುಂದೆ.

ಕಾಫಿ ಅಂಗಡಿಯ ಹೊರಗೆ ಕೂತಿದ್ದ ಮುದುಕರೊಬ್ಬರು ಆಕೆಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ನೀನು ಯಾರ ಪೈಕಿ, ಮಗಳೇ?"

ಅಡುಗೆಮನೆಯಲ್ಲಿ ಕಲಿತ ಮುರುಕು ಗ್ರೀಕಿನಲ್ಲಿ ಆಕೆ ಅಜ್ಜನ ಮನೆತನದ ಹೆಸರು ಹೇಳಿದಳು, ಕರಾವಾಸ್ ಕಡೆಯವರೆಂದೂ ಸೇರಿಸಿದಳು.

"ಆ ಹೆಸರಿನವರು ಅಲ್ಲಿ ಅರ್ಧ ಊರಿದ್ದರು. ಅವರಲ್ಲಿ ಯಾರು?"

ಆಕೆಗೆ ತಿಳಿಯದು. ಮುದುಕರು ಕುರ್ಚಿ ಎಳೆದು ಕೂರಿಸಿದರು, ಕಾಫಿ ಹೇಳಿದರು. ಆಮೇಲೆ ತಮ್ಮ ಪ್ರಶ್ನೆ ಮುಂದಿಟ್ಟರು. ಅವರ ತಮ್ಮ 1950ರ ದಶಕದಲ್ಲಿ ಕ್ವೀನ್ಸ್‌ಲ್ಯಾಂಡಿನ ಒಂದು ಊರಿಗೆ ಹೋದವನು, ತೀರಿಕೊಂಡ, ಮಕ್ಕಳಿಂದ ಕಾಗದ ನಿಂತುಹೋಯಿತು. "ನಿಮ್ಮ ಕಡೆಯೇ ಅಲ್ಲವೇ, ವಿಚಾರಿಸಲಿಕ್ಕಾಗುತ್ತದೆಯೇ?" ತನ್ನೂರಿಂದ ಆ ಊರಿಗೆ ಕಾರಿನಲ್ಲಿ ಎರಡು ದಿನದ ದಾರಿ ಎಂದು ಹೇಳಲು ಆಕೆಗೆ ಮನಸ್ಸಾಗಲಿಲ್ಲ. ಹೆಸರು ಬರೆದುಕೊಂಡಳು. ಪಕ್ಕದ ಮೇಜಿನಿಂದ ಇನ್ನೊಬ್ಬರು ಎದ್ದು ಬಂದರು, ಅವರದೂ ಒಂದು ಹೆಸರು. ದ್ವೀಪ ಬಿಡುವ ಹೊತ್ತಿಗೆ ಆಕೆಯ ಪುಸ್ತಕದಲ್ಲಿ ತನ್ನ ವಂಶದವರಿಗಿಂತ ಹೆಚ್ಚು ಪರರ ಹೆಸರುಗಳೇ ತುಂಬಿದ್ದವು.

ದ್ವೀಪದ ರಾಜಧಾನಿ ಹೋರಾ ದಕ್ಷಿಣದ ತುದಿಯಲ್ಲಿದೆ. ಸುಣ್ಣ ಬಳಿದ ಮನೆಗಳು, ಕೊನೆಯಲ್ಲಿ ವೆನಿಸ್‌ನವರ ಕೋಟೆ, ಕೋಟೆಯಿಂದ ಕೆಳಗೆ ನೋಡಿದರೆ ಜೋಡಿ ಕೊಲ್ಲಿಯ ಕಪ್ಸಾಲಿ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ನೋಟಕ್ಕಾಗಿ ಬರುತ್ತಾರೆ; ಮೊಮ್ಮಕ್ಕಳು ಬರುವುದು ಕೋಟೆಯೊಳಗಿನ ಪತ್ರಾಗಾರಕ್ಕೆ. ಒಟ್ಟೊಮನ್ನರ ಕೈಯಲ್ಲಿದ್ದ ಗ್ರೀಸಿನ ಬಹುಭಾಗದಲ್ಲಿ ವಂಶ ಹುಡುಕುವವರು ಸಾಮಾನ್ಯವಾಗಿ 19ನೆಯ ಶತಮಾನಕ್ಕೆ ಬಂದು ಗೋಡೆ ಮುಟ್ಟಿದಂತೆ ನಿಲ್ಲುತ್ತಾರೆ. ಕಿಥಿರಾದಲ್ಲಿ ಹಾಗಲ್ಲ. 1797ರವರೆಗೆ ಇದು ವೆನಿಸ್‌ನದು. ಆ ವ್ಯಾಪಾರಿ ಗಣರಾಜ್ಯಕ್ಕೆ ಬರೆದಿಡದೆ ನಿದ್ದೆ ಬರುತ್ತಿರಲಿಲ್ಲ. ನೋಟರಿಗಳ ದಸ್ತಾವೇಜು, ವರದಕ್ಷಿಣೆಯ ಪಟ್ಟಿ, ಮರಣಶಾಸನ, 18ನೆಯ ಶತಮಾನದ ಜನಗಣತಿ ಎಲ್ಲವೂ ಉಳಿದಿವೆ. 1809ರಿಂದ 1864ರವರೆಗೆ ಬ್ರಿಟಿಷರು ಆಳಿದರು; ಅವರೂ ಕಾಗದದ ಜನವೇ. ಕಿತ್ತೂರಿನ ಕೋಟೆಗೆ 1824ರಲ್ಲಿ ತೋಪು ಹಚ್ಚಿದ ಬ್ರಿಟಿಷರು 1826ರಲ್ಲಿ ಇಲ್ಲಿಯ ಕಟೂನಿಯಲ್ಲಿ ಹದಿಮೂರು ಕಮಾನುಗಳ ಕಲ್ಲಿನ ಸೇತುವೆ ಕಟ್ಟಿಸಿದರು. ಕೆಳಗೆ ಹರಿಯುವುದು ಒಂದು ಹಳ್ಳ. ಸೇತುವೆಯ ಉದ್ದ ನೂರು ಮೀಟರಿಗೂ ಹೆಚ್ಚು. ಅಷ್ಟು ಉದ್ದ ಯಾಕೆ ಬೇಕಿತ್ತು ಎಂಬುದಕ್ಕೆ ದ್ವೀಪದಲ್ಲಿ ಹಲವು ಕಥೆಗಳಿವೆ, ಯಾವುದೂ ನಂಬುವಂತಿಲ್ಲ.

ಪತ್ರಾಗಾರದಾಕೆ ಚರ್ಚಿನ ದಾಖಲೆಯ ಹಾಳೆಗಳನ್ನು ಮುಂದಿಟ್ಟರು. ಅಜ್ಜನ ಹೆಸರು ಬೇಗ ಸಿಕ್ಕಿತು. ಒಂದಲ್ಲ, ಮೂರು ಸಲ. ಒಂದೇ ಹೆಸರು, ಒಂದೇ ಮನೆತನ, ಒಂದೇ ಊರು, ಒಂದೇ ದಶಕ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ಪದ್ಧತಿಯ ಫಲ ಇದು. ಒಬ್ಬ ಅಜ್ಜನಿಗೆ ನಾಲ್ವರು ಗಂಡುಮಕ್ಕಳಿದ್ದರೆ ಒಂದೇ ಹೆಸರಿನ ನಾಲ್ವರು ಮೊಮ್ಮಕ್ಕಳು. ಇವರನ್ನು ಬಿಡಿಸಿ ಗುರುತಿಸಲು ದ್ವೀಪದವರು ಪ್ರತಿ ಕವಲಿಗೂ ಒಂದು ಅಡ್ಡಹೆಸರು ಇಟ್ಟಿದ್ದಾರೆ. ಹಳೆಯ ದಾಖಲೆಗಳಲ್ಲೂ ಅದು ನಮೂದಾಗಿದೆ. "ನಿಮ್ಮ ಅಡ್ಡಹೆಸರು ಗೊತ್ತಿಲ್ಲದೆ ನಾನೇನೂ ಮಾಡಲಾರೆ" ಎಂದರು ಆಕೆ. ಅಜ್ಜ ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹೋರಾದ ಪುಸ್ತಕದಂಗಡಿಯಲ್ಲಿ ಆಕೆ ಒಂದು ಛಾಯಾಚಿತ್ರ ಸಂಪುಟ ನೋಡಿದಳು. ಪನಯೊಟಿಸ್ ಫಾತ್ಸೆಯಾಸ್ ಎಂಬಾತ 1920ರಿಂದ 1938ರಲ್ಲಿ ತೀರಿಕೊಳ್ಳುವವರೆಗೆ ಲಿವಾದಿಯಲ್ಲಿದ್ದುಕೊಂಡು ದ್ವೀಪದವರ ಚಿತ್ರ ತೆಗೆದ. ಬಹುಕಾಲ ಯಾರೂ ನೋಡದೆ ಬಿದ್ದಿದ್ದ ಗಾಜಿನ ನೆಗೆಟಿವ್‌ಗಳು ಆಮೇಲೆ ಬೆಳಕಿಗೆ ಬಂದು ಪುಸ್ತಕವಾದವು. ಒಬ್ಬೊಬ್ಬರೂ ಒಳ್ಳೆಯ ಬಟ್ಟೆ ತೊಟ್ಟು ನೇರ ಕ್ಯಾಮೆರಾ ದಿಟ್ಟಿಸಿದ್ದಾರೆ, ನಗುವಿಲ್ಲ. ಬಹಳಷ್ಟು ಚಿತ್ರಗಳು ತೆಗೆಸಿಕೊಂಡವರ ಮನೆಯಲ್ಲಿ ಉಳಿಯಲೆಂದು ತೆಗೆದವಲ್ಲ, ಪರದೇಶದಲ್ಲಿದ್ದ ಮಗನಿಗೋ ಗಂಡನಿಗೋ ಅಂಚೆಯಲ್ಲಿ ಹೋಗಲೆಂದು ತೆಗೆದವು. ಮಗು ಎಷ್ಟು ದೊಡ್ಡದಾಗಿದೆ ನೋಡು, ಅಮ್ಮ ಇನ್ನೂ ಇದ್ದಾಳೆ ನೋಡು, ಕಳಿಸಿದ ದುಡ್ಡಿನಲ್ಲಿ ಹೊಲಿಸಿದ ಕೋಟು ನೋಡು. ಆಕೆಯ ಕೈಚೀಲದಲ್ಲೂ ಅಂಥದೊಂದು ಚಿತ್ರವಿತ್ತು. ಕಪ್ಪು ತಲೆವಸ್ತ್ರದ ಮುತ್ತಜ್ಜಿ ಕುರ್ಚಿಯ ಮೇಲೆ, ಪಕ್ಕದಲ್ಲಿ ಇಬ್ಬರು ಹೆಣ್ಣುಮಕ್ಕಳು, ಇವರಿಬ್ಬರ ನಡುವೆ ಒಬ್ಬ ಆಳು ನಿಲ್ಲುವಷ್ಟು ಜಾಗ ಖಾಲಿ.

ಕರಾವಾಸ್ ನೋಡಿದ ಮೇಲೆ ಅಜ್ಜನ "ಬರೀ ಕಲ್ಲು" ಎಂಬ ಮಾತು ಬಿದ್ದುಹೋಯಿತು. ಒಣ ದ್ವೀಪದ ಉತ್ತರದಲ್ಲಿ ಇದೊಂದು ಹಸಿರು ಕಣಿವೆ. ಅಮೀರ್ ಅಲಿ ಎಂಬ ಹೆಸರಿನ ಚಿಲುಮೆಯ ಮೇಲೆ ದೈತ್ಯ ಮರಗಳು ಕವುಚಿಕೊಂಡಿವೆ, ಮಧ್ಯಾಹ್ನವೂ ಅಲ್ಲಿ ಅರ್ಧ ಕತ್ತಲು. ಊರ ಬೇಕರಿಯಿಂದ ರಸ್ಕು ಸುಡುವ ವಾಸನೆ. ಇಷ್ಟು ನೀರು ನೆರಳಿರುವ ಊರು ಬಿಟ್ಟು ಹದಿನಾಲ್ಕರ ಹುಡುಗ ಯಾಕೆ ಹಡಗು ಹತ್ತಿದ? ಗುಡ್ಡದ ಮೈಗೆ ಕಟ್ಟಿದ ಕಲ್ಲಿನ ಅಂಚುಗಳನ್ನು ಎಣಿಸಿದರೆ ಉತ್ತರ ಅಲ್ಲೇ ಇದೆ. ಮಕ್ಕಳೆಲ್ಲರಿಗೂ ಪಾಲು, ಹೆಣ್ಣುಮಕ್ಕಳಿಗೆ ವರದಕ್ಷಿಣೆಯಾಗಿ ನೆಲ. ಪ್ರತಿ ತಲೆಮಾರಿನಲ್ಲೂ ಪಟ್ಟೆ ಸೀಳುತ್ತ ಹೋಗಿ, ಕೊನೆಗೆ ಒಬ್ಬನ ಪಾಲಿಗೆ ಬೇರೆ ಬೇರೆ ದಿಕ್ಕಿನಲ್ಲಿ ಹತ್ತಾರು ಮರ, ಒಂದೆರಡು ಚಾಪೆಯಗಲದ ಹೊಲ. ಆ ಕಾಲದಲ್ಲಿ ಒಬ್ಬ ಗಂಡುಮಗ ಹೊರಟರೆ ಉಳಿದವರ ತಟ್ಟೆ ತುಂಬುತ್ತಿತ್ತು. ಅಜ್ಜ ಸುಳ್ಳು ಹೇಳಿರಲಿಲ್ಲ. ಅವನ ಪಾಲಿಗೆ ಬಂದದ್ದು ಕಲ್ಲೇ ಇರಬೇಕು.

ಊರಿನಲ್ಲಿ ಆಕೆಗೆ ಜೊತೆಯಾದವರು ಅಪ್ಪಟ ಆಸ್ಟ್ರೇಲಿಯ ಧಾಟಿಯ ಇಂಗ್ಲಿಷ್ ಆಡುವ ಹಿರಿಯರು. ಯೌವನವನ್ನೆಲ್ಲ ನ್ಯೂ ಸೌತ್ ವೇಲ್ಸಿನ ಮಿಲ್ಕ್ ಬಾರಿನಲ್ಲಿ ಕಳೆದು, ಹೆಂಡತಿ ತೀರಿದ ಮೇಲೆ ಹಿಂತಿರುಗಿ ಬಂದವರು. ಅಲ್ಲಿದ್ದಾಗ ಅವರನ್ನು ಎಲ್ಲರೂ ಗ್ರೀಕ ಎನ್ನುತ್ತಿದ್ದರು, ಇಲ್ಲಿ ಎಲ್ಲರೂ ಆಸ್ಟ್ರೇಲಿಯದವ ಎನ್ನುತ್ತಾರೆ. ಅದನ್ನು ಅವರು ಗೋಳಿನಂತೆ ಹೇಳಲಿಲ್ಲ, ನಗುತ್ತ ಹೇಳಿದರು. ಈಗಲೂ ಬೆಳಿಗ್ಗೆ ಸ್ಟೇಕ್ ಮತ್ತು ಮೊಟ್ಟೆ ಬೇಕಂತೆ. ಇಡೀ ಜೀವಮಾನ ಗಿರಾಕಿಗಳಿಗೆ ಬಡಿಸಿದ್ದು ಕೊನೆಗೆ ನಾಲಗೆಗೆ ಹತ್ತಿಬಿಟ್ಟಿದೆ.

ಅವರು ಕರೆದೊಯ್ದ ಮನೆಯಲ್ಲಿ ತೊಂಬತ್ತರ ಸಮೀಪದ ಅಜ್ಜಿಯೊಬ್ಬರಿದ್ದರು. ಮೊದಲು ತಟ್ಟೆ ಬಂತು, ಆಮೇಲೆ ಮಾತು. ಸಕ್ಕರೆ ಪಾಕದಲ್ಲಿ ಬೇಯಿಸಿದ ಹಣ್ಣು ಒಂದು ಚಮಚ, ತಣ್ಣೀರು. ಅದರ ಹಿಂದೆ ನೀರಿನಲ್ಲಿ ಅದ್ದಿ ಮೆತ್ತಗಾಗಿಸಿದ ರಸ್ಕು, ಮೇಲೆ ಹಿಂಡಿದ ಟೊಮೆಟೊ, ಎಣ್ಣೆ, ಬಂಡೆಯುಪ್ಪು. ಕೊನೆಗೆ ದಾಲ್ಚಿನ್ನಿ ಲವಂಗ ಹಾಕಿ ಇಟ್ಟ ಫಾತೂರಾದಾ ಎಂಬ ಮದ್ಯ, ಬೆರಳುದ್ದದ ಲೋಟದಲ್ಲಿ. ಎಲ್ಲ ಖಾಲಿಯಾಗುವವರೆಗೆ ಅಜ್ಜಿ ಚಿತ್ರವನ್ನು ಮುಟ್ಟಲಿಲ್ಲ. ಆಮೇಲೆ ಕನ್ನಡಕ ಹಾಕಿಕೊಂಡು, ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುತ್ತಜ್ಜಿಯ ಮುಖದ ಮೇಲೆ ಹೆಬ್ಬೆರಳು ಇಟ್ಟು, ಜೋರಾಗಿ ನಕ್ಕರು.

"ಅಯ್ಯೋ, ಇವರು ಚಿಗಟದವರು!"

ನಾಯಿಯ ಮೈಮೇಲೆ ಇರುತ್ತದಲ್ಲ, ಅದೇ ಚಿಗಟ. ಮೂಲಪುರುಷ ಕುಳ್ಳಗಿದ್ದನೋ, ಒಂದು ಕಡೆ ನಿಲ್ಲದೆ ನೆಗೆದಾಡುತ್ತಿದ್ದನೋ, ಈಗ ಹೇಳುವವರಿಲ್ಲ. ಪರದೇಶದಲ್ಲಿ ರೋಟರಿ ಕ್ಲಬ್ಬಿನ ಸದಸ್ಯನಾಗಿ, ಚರ್ಚಿಗೆ ದೇಣಿಗೆ ಕೊಟ್ಟು, ಕಪ್ಪು ಕಾರು ಇಟ್ಟುಕೊಂಡಿದ್ದ ಅಜ್ಜ ಮಕ್ಕಳಿಗೆ ಇದನ್ನು ಯಾಕೆ ಹೇಳಲಿಲ್ಲ ಎಂದು ವಿವರಿಸಬೇಕಾಗಿಲ್ಲ.

ಚಿಗಟದವರ ಮನೆ ಊರ ಅಂಚಿನಲ್ಲಿತ್ತು. ಬೀಗ ಗಟ್ಟಿಯಾಗಿತ್ತು, ಮಾಡು ಮಾತ್ರ ಇರಲಿಲ್ಲ. ಒಳಗೆ ಅಂಜೂರದ ಮರವೊಂದು ಗೋಡೆಗಿಂತ ಎತ್ತರಕ್ಕೆ ಬೆಳೆದು, ಹಣ್ಣಿನ ಭಾರಕ್ಕೆ ಬೀದಿಯ ಕಡೆ ಬಾಗಿತ್ತು. ಗೋಡೆಯೊಳಗಿನ ಒಲೆ, ನೀರಿನ ಕೊಡ ಇಡುವ ಗೂಡು, ಬಾಗಿಲ ತಲೆಗಲ್ಲಿನ ಮೇಲೆ ಕೊರೆದ ಶಿಲುಬೆ ಹಾಗೇ ಇದ್ದವು. ಇಂಥ ಮನೆಗಳು ದ್ವೀಪದ ಹಳ್ಳಿಹಳ್ಳಿಯಲ್ಲೂ ಇವೆ. ಕೊಳ್ಳುವವರಿಲ್ಲ ಎಂದಲ್ಲ, ಅಥೆನ್ಸಿನವರು, ಜರ್ಮನ್ನರು ಬಂದು ಕೇಳುತ್ತಾರೆ. ಆದರೆ ಪರದೇಶಕ್ಕೆ ಹೋದವನು ಉಯಿಲು ಬರೆಯದೆ ತೀರಿಕೊಂಡರೆ ಮನೆ ಅವನ ಎಲ್ಲ ಮಕ್ಕಳದು, ಅವರೂ ತೀರಿಕೊಂಡರೆ ಮೊಮ್ಮಕ್ಕಳದು. ಪಾಲಾಗದ ಜಂಟಿ ಆಸ್ತಿ. ಮಾರಬೇಕಾದರೂ ಹಂಚಿಕೊಳ್ಳಬೇಕಾದರೂ ಎಲ್ಲರ ಸಹಿ ಬೇಕು; ಸಹಿ ಹಾಕಬೇಕಾದವರು ಸಿಡ್ನಿ, ಬ್ರಿಸ್ಬೇನ್, ಬಾಲ್ಟಿಮೋರುಗಳಲ್ಲಿ. ಮೇಲಿಂದ ಗ್ರೀಸ್ ಈಗ ಮೊದಲ ಬಾರಿಗೆ ಇಡೀ ದೇಶದ ಭೂದಾಖಲೆ ತಯಾರಿಸುತ್ತಿದೆ. ತನ್ನದೆಂದು ಯಾರೂ ಬರೆಸದ ಆಸ್ತಿಯನ್ನು ಮಾಲೀಕ ತಿಳಿಯದ ಪಟ್ಟಿಗೆ ಹಾಕುತ್ತಾರೆ, ಅವಧಿ ಮೀರಿದರೆ ಅದು ಸರ್ಕಾರದ್ದಾಗಬಹುದು. ವಂಶವೃಕ್ಷ ಇಲ್ಲಿ ಗೋಡೆಗೆ ತೂಗುಹಾಕುವ ಚಿತ್ರವಲ್ಲ, ನೋಟರಿಯ ಮುಂದಿಡುವ ಕಾಗದ.

ಅಡ್ಡಹೆಸರು ಹಿಡಿದು ಪತ್ರಾಗಾರಕ್ಕೆ ಹೋದಾಗ ಮೂವರಲ್ಲಿ ಒಬ್ಬ ಮಾತ್ರ ಉಳಿದ. ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ "ಆಸ್ಟ್ರೇಲಿಯ" ಎಂದು ಗೀಚಿದ್ದರು. ಅವನಿಂದ ಅವನ ಅಪ್ಪ, ಅಪ್ಪನ ಅಪ್ಪ ಎಂದು ಹಿಂದೆ ಹಿಂದೆ ಹೋಗಿ 18ನೆಯ ಶತಮಾನದ ಗಣತಿಯ ಒಂದು ಸಾಲಿಗೆ ಮುಟ್ಟಿತು. ಅದಕ್ಕೂ ಹಿಂದಿನ ನೋಟರಿ ಕಾಗದವೊಂದರಲ್ಲಿ ಅದೇ ಮನೆತನದ ಒಬ್ಬ ಸಾಲ ಪಡೆದಿದ್ದಾನೆ. ಅವನನ್ನು ಕ್ರೀಟ್‌ನವನು ಎಂದು ಗುರುತಿಸಿದೆ. ಅಂದರೆ 1669ರಲ್ಲಿ, ಇಪ್ಪತ್ತು ವರ್ಷ ಮೀರಿದ 
ಮುತ್ತಿಗೆಯ ನಂತರ ಕ್ರೀಟ್‌ನ ಕ್ಯಾಂಡಿಯಾ ಒಟ್ಟೊಮನ್ನರ ವಶವಾದಾಗ ದೋಣಿ ಹತ್ತಿ ಬಂದ ನಿರಾಶ್ರಿತರಲ್ಲಿ ಅವನೂ ಒಬ್ಬನಿರಬೇಕು. ಬೇರೂರಿದ್ದರೆಂದು ತಿಳಿದ ಊರಿಗೆ ಅವರೂ ಒಂದು ದಿನ ಗಂಟುಮೂಟೆ ಹೊತ್ತು ಬಂದವರೇ.

ಹಾಗೆ ನೋಡಿದರೆ ಈ ದ್ವೀಪದ ಹಳಬರು ಯಾರು? ಪಾಲಿಯೊಹೋರಾ ಕಂಡವರು ಈ ಪ್ರಶ್ನೆಯನ್ನು ಮತ್ತೆ ಕೇಳುವುದಿಲ್ಲ. ಕಡಲಿಗೆ ಕಾಣದಂತೆ ಕಂದರದ ಅಂಚಿನಲ್ಲಿ ಅಡಗಿಸಿ ಕಟ್ಟಿದ ಮಧ್ಯಯುಗದ ರಾಜಧಾನಿ ಅದು. ಮೂರು ದಿಕ್ಕಿಗೆ ಪ್ರಪಾತ, ಮುರಿದ ಗೋಡೆಗಳು, ತುಂಬ ಚರ್ಚುಗಳು, ಕೆಲವುಗಳ ಒಳಗೆ ಮಾಸಿದ ಸಂತರ ಮುಖಗಳು. 1537ರಲ್ಲಿ ಒಟ್ಟೊಮನ್ ನೌಕಾಧಿಪತಿ ಬಾರ್ಬರೋಸಾ ಇದನ್ನು ಪತ್ತೆಹಚ್ಚಿ, ಸುಟ್ಟು, ಜನರನ್ನು ಗುಲಾಮರನ್ನಾಗಿ ಹೊತ್ತೊಯ್ದ. ಏಳು ಸಾವಿರ ಜನ ಎಂಬುದು ದ್ವೀಪದಲ್ಲಿ ಹೇಳಿಕೊಳ್ಳುವ ಲೆಕ್ಕ. ಆಮೇಲೆ ದ್ವೀಪವನ್ನು ಮತ್ತೆ ತುಂಬಿದವರಲ್ಲಿ ಪೆಲೊಪೊನೀಸಿನಿಂದಲೂ ಕ್ರೀಟ್‌ನಿಂದಲೂ ಬಂದವರು ಬಹಳ. ಆ ಊರನ್ನು ಯಾರೂ ಮತ್ತೆ ಕಟ್ಟಲಿಲ್ಲ. ಈಗ ಅಲ್ಲಿ ಆಡುಗಳು ಮೇಯುತ್ತವೆ.

ಬೇರಿನ ಮಾತು ಬಂದಾಗ ಈ ದ್ವೀಪದ ಹೆಣ್ಣುಮಗಳೊಬ್ಬಳ ಮಗನ ಮಾತೂ ಬರಬೇಕು. ಬ್ರಿಟಿಷ್ ಕಾವಲುಪಡೆಯ ಐರಿಷ್ ವೈದ್ಯನನ್ನು ಮೆಚ್ಚಿದ ಕಿಥಿರಾದ ರೋಸಾ ಕಸಿಮಾಟಿಯ ಮಗ 1850ರಲ್ಲಿ ಲೆಫ್ಕಾದಾ ದ್ವೀಪದಲ್ಲಿ ಹುಟ್ಟಿದ. ಆ ದ್ವೀಪದ ಹೆಸರನ್ನೇ ಅವನಿಗಿಟ್ಟರು: ಲಾಫ್ಕಾಡಿಯೊ ಹರ್ನ್. ಚಿಕ್ಕಂದಿನಲ್ಲೇ ಡಬ್ಲಿನ್ನಿಗೆ ಒಯ್ದರು, ತಾಯಿ ಅಲ್ಲಿ ಬಾಳಲಾರದೆ ಹಿಂದಿರುಗಿದಳು. ಅವನು ಅಮೆರಿಕಕ್ಕೆ ಹೋದ, ಜಪಾನಿಗೆ ಹೋದ, ಕೊಯಿಜುಮಿ ಯಾಕುಮೊ ಎಂದು ಹೆಸರು ಬದಲಿಸಿ ಆ ದೇಶದ ದೆವ್ವದ ಕಥೆಗಳನ್ನು ಜಗತ್ತಿಗೆ ಹೇಳಿದ. ತಾಯಿಯ ನಾಡಿಗೆ ಮತ್ತೆ ಬರಲೇ ಇಲ್ಲ. ಬೇರು ನೋಡದೆ ಬಾಳಲಾಗದು ಎನ್ನುವವರು ಇವನನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನು 'ಮ್ಯಾಡ್ ಮ್ಯಾಕ್ಸ್' ಚಿತ್ರಗಳ ಜಾರ್ಜ್ ಮಿಲ್ಲರ್ ತಂದೆಯ ಕಡೆಯಿಂದ ಇದೇ ದ್ವೀಪದವರೆಂದು ಕಾಫಿ ಅಂಗಡಿಗಳಲ್ಲಿ ಕೇಳದೆಯೇ ಹೇಳುತ್ತಾರೆ.

ಸೆಪ್ಟೆಂಬರ್ 24 ಮಿರ್ತಿದಿಯಾದ ಜಾತ್ರೆ. ಪಶ್ಚಿಮದ ಕಡಲಂಚಿನ ಈ ಮಠದಲ್ಲಿರುವ ಮಾತೆ ಮೇರಿಯ ಚಿತ್ರಪಟದಲ್ಲಿ ಮುಖ ಪೂರ್ತಿ ಕಪ್ಪು. ಕುರುಬನೊಬ್ಬನಿಗೆ ಮಿರ್ಟಲ್ ಪೊದೆಯಲ್ಲಿ ಸಿಕ್ಕಿತು, ಮನೆಗೆ ಒಯ್ದರೂ ಮರಳಿ ಪೊದೆಗೇ ಬಂತು ಎಂಬುದು ಕಥೆ. ಮಠದ ಸುತ್ತಲ ಕೋಣೆಗಳಲ್ಲಿ ಜನ ರಾತ್ರಿಯೇ ಬಂದು ಬಿಡಾರ ಹೂಡಿದ್ದರು. ಮೆರವಣಿಗೆಯ ನೂಕುನುಗ್ಗಲಿನಲ್ಲಿ ಆಕೆಯ ಕಿವಿಗೆ ಬಿದ್ದದ್ದು ಅರ್ಧ ಗ್ರೀಕ್, ಅರ್ಧ ಆಸ್ಟ್ರೇಲಿಯದ ಇಂಗ್ಲಿಷ್. "ನೀವು ಯಾವ ಕೆಫೆಯವರು?" ಎಂದು ಹಿಂದಿನಿಂದ ಒಬ್ಬಾಕೆ ಕೇಳಿದಳು. ಯಾವ ಊರಿನವರೆಂದಲ್ಲ, ಯಾವ ಕೆಫೆಯವರೆಂದು. ಹೇಳಿದ ಕೂಡಲೇ ಗೊತ್ತಾಯಿತು ಅವಳಿಗೆ. ಅವಳ ತಂದೆ ಸಣ್ಣವನಿದ್ದಾಗ ಅಲ್ಲೇ ಪಾತ್ರೆ ತೊಳೆದಿದ್ದನಂತೆ, ಅಜ್ಜ ಕೂಲಿಯಲ್ಲಿ ಕೈ ಬಿಗಿಯಂತೆ.

ಈಸ್ಟರಿನ ನಂತರ ಇದೇ ಪಟವನ್ನು ಎರಡು ವಾರ ಕಾಲ ಊರೂರಿಗೆ ನಡೆದು ಹೊತ್ತೊಯ್ಯುತ್ತಾರೆ. ಕರಾವಾಸಿನ ಅಜ್ಜಿ ಅದನ್ನು ನೆನೆದು ಹೇಳಿದ್ದರು: "ಹೋದ ಸಲ ನಮ್ಮ ಬೀದಿಯಲ್ಲಿ ದೀಪ ಹಚ್ಚಿಟ್ಟು ಕಾದವರು ಮೂರೇ ಮನೆಯವರು. ತಾಯಿಗೆ ನಮ್ಮ ಬೀದಿ ಬೇಗ ಮುಗಿಯಿತು."

ಊರಿಗೆ ಮರಳಿದ ಮೇಲೆ ಆಕೆ ಮೊದಲು ಕೈಹಾಕಿದ್ದು ತನ್ನ ವಂಶವೃಕ್ಷಕ್ಕಲ್ಲ, ಪೊಟಾಮೊಸ್‌ನಲ್ಲಿ ಬರೆದುಕೊಂಡ ಹೆಸರುಗಳಿಗೆ. 1922ರಿಂದ ಇರುವ ಸಿಡ್ನಿಯ ಕಿಥಿರಾ ಸಂಘದವರನ್ನು ಕೇಳಿದಳು, ಹಳೆಯ ವಲಸೆ ಕಡತಗಳನ್ನು ತೆಗೆಸಿದಳು, ಫೋನ್ ಮಾಡಿದಳು. ಮುದುಕರ ತಮ್ಮನ ಮಗಳು ಟೌನ್ಸ್‌ವಿಲ್‌ನಲ್ಲಿ ಸಿಕ್ಕಿದಳು. ಗ್ರೀಕ್ ಬಾರದು, ಆದರೂ ಫೋಟೊ ಕಳಿಸಿದ್ದಾಳೆ. ಉಳಿದವರ ಹುಡುಕಾಟ ನಡೆದಿದೆ. ಕರಾವಾಸಿನ ಮನೆಯ ಕಾಗದಪತ್ರ ಮಾತ್ರ ಇನ್ನೂ ಆಗಿಲ್ಲ. ಹದಿನೇಳು ವಾರಸುದಾರರಲ್ಲಿ ಹದಿನಾರು ಮಂದಿ ಸಹಿ ಹಾಕಿದ್ದಾರೆ. ಬ್ರಿಸ್ಬೇನಿನ ಚಿಕ್ಕಪ್ಪ ಒಬ್ಬರು ಬಾಕಿ. ಮಾಡಿಲ್ಲದ ಮನೆಗೆ ಸಹಿ ಯಾಕೆ ಎಂಬುದು ಅವರ ವಾದ.